ಹುಲ್ಲುಹಾಸಿನಲ್ಲಿ ಹುಟ್ಟಿದ ಜಾಲಿ

ಯಾದಗಿರಿ
೧೨ ಜುಲೈ ೨೦೨೫

ಕೆಂಭಾವಿಯ ಸೋದರಮಾವ ಹಣಮಂತ್ರಾಯ ಅವರಿಗೆ ದೇವಿಕಾ ಮಾಡುವ ನಮಸ್ಕಾರಗಳು.

ಈ ಸಂಗತಿಯನ್ನು ನನಗೆ ಮೊದಲು ಹೇಳಿದವಳು ತಿಮ್ಮವ್ವ. ಮೊನ್ನೆ ಗುರುವಾರ ಬೆಳಿಗ್ಗೆ, ಉದ್ಯಾನದ ಗೇಟಿನಲ್ಲಿ ನಾನು ಸ್ಕೂಟಿ ನಿಲ್ಲಿಸುವ ಮೊದಲೇ ಕಸಬರಿಗೆ ಹಿಡಿದುಕೊಂಡೇ ಓಡಿಬಂದಳು. "ಅವ್ವಾರ, ಹುಲ್ಲಾಗ ಜಾಲಿ ಹುಟ್ಯಾದ್ರಿ. ಅಲ್ಲೊಂದು ಇಲ್ಲೊಂದಲ್ಲ, ಭತ್ತದ ಸಸಿಮಡಿ ಹಂಗ ಕಾಣಾಕತ್ಯಾದ" ಎಂದಳು.

ಮಾಮಾ, ಫೋನಿನಲ್ಲಿ ನಾನು ಸಿಟ್ಟಿನಿಂದ ಮಾತಾಡಿದಾಗಲೆಲ್ಲ ನೀವು "ಕೇಳಿಸಾಕತ್ತಿಲ್ಲವ್ವ, ಕುರಿ ಒದರಾಕತ್ಯಾವ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೆಂಭಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ನಿಮ್ಮ ಚಹಾ ಅಂಗಡಿಗೆ ಮುಟ್ಟಿಸುತ್ತಾರಂತೆ.

ನಮ್ಮ ಉದ್ಯಾನ ಜೂನ್ ಕೊನೆಗೆ ಜನರಿಗೆ ತೆರೆಯಿತು. ಗುತ್ತಿಗೆ ಶಹಾಪುರದ ವಿಶ್ವರಾಧ್ಯ ಸಾಹುಕಾರರದು, ಮೇಲ್ವಿಚಾರಣೆ ನನ್ನದು, ಕೈಕೆಲಸ ತಿಮ್ಮವ್ವ ಮತ್ತು ಅನ್ವರಬಿಯದು. ಹಿಂದಿನ ಗೋಡೆಯ ಬದಿಗೆ ನಾವು ಮೂವರೂ ಸೇರಿ ಗುಂಡಿ ತೋಡಿದೆವು. ಊರಿನ ರಸ್ತೆಗಿಡಗಳ ಎಲೆ, ಕತ್ತರಿಸಿದ ಹುಲ್ಲು, ಸವರಿದ ಟೊಂಗೆಯ ತುಂಡು ಎಲ್ಲವೂ ಅದರೊಳಗೆ ಹೋಗಿ ಕರಿಗೊಬ್ಬರವಾಗಿ ಬರುತ್ತದೆ. ಸಸಿ ಬರುವ ಕರಿ ಪ್ಲಾಸ್ಟಿಕ್ ಚೀಲಗಳನ್ನು ಅನ್ವರಬಿ ಹರಿಯದಂತೆ ಬಿಚ್ಚಿ, ತೊಳೆದು, ತಂತಿಗೆ ಒಣಹಾಕಿ, ಮತ್ತೆ ಸಸಿ ಮಾಡುತ್ತಾಳೆ. ನಮ್ಮ ಉದ್ಯಾನದಿಂದ ಕಸದ ಗಾಡಿಗೆ ಹೋಗುವುದೆಂದರೆ ಜನ ಬಿಸಾಡಿದ ಕುರುಕುರೆ ಪಾಕೀಟು ಮಾತ್ರ. ಅದಕ್ಕೂ ಮೊದಲು ಇದೇ ಊರಿನಲ್ಲಿ ಎಲೆ ಗುಡಿಸುವುದೆಂದರೆ ಗುಡ್ಡೆ ಹಾಕಿ ಬೆಂಕಿ ಇಡುವುದು ಎಂದೇ ಅರ್ಥವಿತ್ತು.

ಈಗ ಹುಲ್ಲುಹಾಸಿನ ತುಂಬ ಬಳ್ಳಾರಿ ಜಾಲಿ. ಕಿರಾಣಿ ಅಂಗಡಿಯ ಪಂಪಣ್ಣನವರು ದಿನಾ ಅಲ್ಲಿ ವಾಕಿಂಗಿಗೆ ಬರುತ್ತಾರೆ. ಅವರ ಮೊಮ್ಮಗಳು ಬರಿಗಾಲಲ್ಲಿ ಓಡಿ ಮುಳ್ಳು ಚುಚ್ಚಿಸಿಕೊಂಡು, ಕಾಲು ಬಾತು, ದವಾಖಾನೆಗೆ ಹೋಗಬೇಕಾಯಿತು. ಪಂಪಣ್ಣನವರು ನಗರಸಭೆಗೆ ದೂರು ಕೊಟ್ಟರು. ಅಂದೇ ಸಂಜೆ ಸಾಹುಕಾರರು ಶಹಾಪುರದಿಂದ ಕಾರಿನಲ್ಲಿ ಬಂದು, ವಾಕಿಂಗಿಗೆ ಬಂದವರನ್ನೆಲ್ಲ ನಿಲ್ಲಿಸಿಕೊಂಡು, ಗುಂಡಿಯ ಕಡೆ ಕೈ ಮಾಡಿದರು.

"ಈ ತಿಪ್ಪಿಯೊಳಗಿಂದ ಬಂದದ್ದು ಇದು. ಮನ್ಯಾಗ ಆಡು ಸಾಕಿದವರು ಯಾರದಾರ ಇಲ್ಲಿ?"

ಅನ್ವರಬಿಯ ಮನೆಯಲ್ಲಿ ಆಡುಗಳಿವೆ. ಜಾಲಿಕಾಯಿ ತಿಂದ ಆಡಿನ ಹಿಕ್ಕೆ ತಂದು ಗುಂಡಿಗೆ ಸುರಿದು, ಒಳ್ಳೆ ಗೊಬ್ಬರ ಮನೆಗೆ ಹೊತ್ತಿದ್ದಾಳೆ, ಕಳ್ಳಿ ಎಂದರು. ಅಷ್ಟು ಜನರ ಮುಂದೆ. ನಾಳೆಯಿಂದ ಬರಬೇಡ ಎಂದು ಅವಳಿಗೆ ಅವರು ಹೇಳಿಬಿಟ್ಟರು. ಅವಳು ಸೀರೆಯ ಮೇಲೆ ಹಾಕಿಕೊಂಡಿದ್ದ ಹಸಿರು ಕೋಟು ಬಿಚ್ಚಿ, ಮಡಚಿ, ಗುಂಡಿಯ ಅಂಚಿಗೆ ಇಟ್ಟು ಹೋದಳು.

ಗುಂಡಿಯನ್ನು ಮುಚ್ಚಿಸುತ್ತಾರಂತೆ. ಅಲ್ಲಿಯವರೆಗೆ ಎಲೆಯನ್ನೆಲ್ಲ ಗೋಡೆಯಾಚೆ ಸುಡಬೇಕಂತೆ. ನಿನ್ನೆಯಿಂದಲೇ ಸುಡುತ್ತಿದ್ದಾರೆ. ಹಸಿ ಬೇವಿನ ಸೊಪ್ಪು ಸುಟ್ಟ ಹೊಗೆಗೆ ನನ್ನ ಕಣ್ಣು ಇನ್ನೂ ಉರಿಯುತ್ತಿದೆ, ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತಿದೆ.

ನೀವು ಕುರಿಯ ಹಿಂದೆ ಹುಟ್ಟಿ ಬೆಳೆದವರು. ಎಲೆ ಕೊಳೆತು ಬಿಸಿಯೇರಿ ಕಾದ ಗುಂಡಿಯಲ್ಲಿ ಜಾಲಿ ಬೀಜ ಉಳಿಯುತ್ತದೆಯೇ? ಉಳಿಯದಿದ್ದರೆ ಇಷ್ಟು ಒತ್ತಾಗಿ ಹೇಗೆ ಹುಟ್ಟಿತು? ನಿಮ್ಮ ಮಾತು ಹಿಡಿದುಕೊಂಡು ನಾನು ನಗರಸಭೆಗೆ ಹೋಗುತ್ತೇನೆ.

ನಿಮ್ಮ
ದೇವಿಕಾ


ಕೆಂಭಾವಿ
೨೦ ಜುಲೈ ೨೦೨೫

ಚಿರಂಜೀವಿ ದೇವಿಕಾಗೆ ನಿನ್ನ ಮಾಮಾ ಹಣಮಂತ್ರಾಯನ ಆಶೀರ್ವಾದ. ನಿನ್ನ ಅತ್ತಿ ರೇಣಮ್ಮನೂ ಕೇಳಿದ್ದಾಳೆಂದು ತಿಳಿಯುವುದು.

ಕಾಗದ ಮುಟ್ಟಿತು. ಚಹಾ ಅಂಗಡಿಯವನು ಅದರ ಮೇಲೆ ಬಟ್ಟಲು ಇಟ್ಟಿದ್ದರಿಂದ ನಿನ್ನ ಸಿಟ್ಟಿನ ನಡುವೆ ಒಂದು ದುಂಡನೆಯ ಕಲೆ ಆಗಿತ್ತು. ಆದರೂ ಓದಲು ಏನೂ ತೊಂದರೆಯಾಗಲಿಲ್ಲ. ನೀನು ಚಿಕ್ಕವಳಿದ್ದಾಗಲೂ ಹೀಗೇ. ಒಂದು ಸಲ ನಮ್ಮ ಟಗರು ನಿನ್ನ ಲಂಗ ತಿಂದಿತ್ತು. ಟಗರನ್ನು ಬಿಟ್ಟು, ಅದನ್ನು ಕಟ್ಟದೆ ಬಿಟ್ಟವರು ಯಾರು ಎಂದು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ್ದಿ. ನಿನ್ನ ಅಜ್ಜನೂ ಆ ಸಾಲಿನಲ್ಲಿ ನಿಂತಿದ್ದ.

ಇಲ್ಲಿ ಮಳೆ ಹಿಡಿದಿದೆ. ಕುರಿಗಳ ಗೊರಸು ಕೆಸರಿಗೆ ನೆನೆದು ಹುಣ್ಣಾಗುತ್ತಿವೆ. ದಿನವೂ ಎತ್ತರದ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತೇವೆ.

ನೀನು ಕೇಳಿದ್ದಕ್ಕೆ ಉತ್ತರ. ಕಾದ ಗುಂಡಿಯಲ್ಲಿ ಯಾವ ಬೀಜವೂ ಉಳಿಯುವುದಿಲ್ಲ. ಆ ಹೆಣ್ಣುಮಗಳು ಅನ್ವರಬಿಯದು ಏನೂ ತಪ್ಪಿಲ್ಲವೆಂದು ನನಗೂ ಅನ್ನಿಸುತ್ತದೆ. ಆದರೆ ಇದನ್ನು ಯಾರ ಮುಂದೆ ಹೇಳುತ್ತೀ? ದೊಡ್ಡವರ ವ್ಯವಹಾರ. ವಿಶ್ವರಾಧ್ಯ ಸಾಹುಕಾರರು ಕೆಟ್ಟವರಲ್ಲ. ಪ್ರತಿ ವರ್ಷ ಭತ್ತ ಕೊಯ್ದ ಮೇಲೆ ಶಹಾಪುರ ಕಾಲುವೆ ಬದಿಯ ಅವರ ಗದ್ದೆಗಳಲ್ಲೇ ನಮ್ಮ ಕುರಿ ಕೂಳೆ ಮೇಯುವುದು. ಅದಿಲ್ಲದಿದ್ದರೆ ಬೇಸಿಗೆಗೆ ಈ ಹಿಂಡು ಎಲ್ಲಿಗೆ ಹೋಗಬೇಕು, ನೀನೇ ಹೇಳು. ಸ್ವಲ್ಪ ದಿನ ಸುಮ್ಮನಿರು. ಜನ ಮರೆಯುತ್ತಾರೆ. ಆಮೇಲೆ ಅನ್ವರಬಿಯನ್ನು ಮೆಲ್ಲಗೆ ಕರೆದುಕೊ.

ಜಾಲಿಯನ್ನು ಮಾತ್ರ ಈಗಲೇ ತೆಗೆಸು. ಕೈಯಿಂದ ಎಳೆದರೆ ಬುಡಕ್ಕೆ ಹರಿದು ಮತ್ತೆ ಚಿಗುರುತ್ತದೆ. ಮಳೆ ನಿಂತ ಮರುದಿನ, ನೆಲ ಮೆತ್ತಗಿರುವಾಗ, ಕುರ್ಪಿಯಿಂದ ಬೇರು ಸಮೇತ ಎಬ್ಬಿಸಬೇಕು. ಸಿಮೆಂಟಿನ ಜಿರಾಫೆ ಇದೆಯಲ್ಲ, ಮೊದಲು ಅದರ ಕಾಲ ಬುಡದಿಂದ ಸುರು ಮಾಡು. ಅಲ್ಲಿ ಎಲ್ಲಕ್ಕಿಂತ ಹೆಚ್ಚಿರುತ್ತದೆ. ಆಮೇಲೆ ನೀರಿನ ಟಾಕಿಯ ಗೋಡೆಯ ಗುಂಟ ಹೋಗು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟಿನಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನಿನ್ನ ಅತ್ತಿ ಹೇಳಲು ಹೇಳಿದ್ದಾಳೆ.

ಹಣಮಂತ್ರಾಯ


ಯಾದಗಿರಿ
೨೪ ಜುಲೈ ೨೦೨೫

ಮಾಮಾ,

ನಿಮ್ಮ ಕಾಗದ ಓದಿ, ಕುರ್ಪಿ ಹಿಡಿದು, ಜಿರಾಫೆಯ ಕಾಲ ಬುಡಕ್ಕೆ ಹೋದೆ. ನೀವು ಬರೆದದ್ದು ಖರೆ. ಎಲ್ಲಕ್ಕಿಂತ ಹೆಚ್ಚು ಜಾಲಿ ಅಲ್ಲೇ ಇತ್ತು. ಟಾಕಿಯ ಗೋಡೆಯ ಗುಂಟವೂ ಹಾಗೇ ಇತ್ತು.

ಕುರ್ಪಿ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಜಿರಾಫೆಯ ಸುದ್ದಿಯನ್ನು ನಾನು ನಿಮಗೆ ಎಂದೂ ಹೇಳಿಲ್ಲ. ಕಾಗದದಲ್ಲೂ ಹೇಳಿಲ್ಲ, ಫೋನಿನಲ್ಲೂ ಹೇಳಿಲ್ಲ. ಉದ್ಯಾನ ತೆರೆದ ಮೇಲೆ ನೀವು ಯಾದಗಿರಿಗೆ ಬಂದಿಲ್ಲ. ತೆರೆಯುವ ಮೊದಲು ಗೇಟಿಗೆ ಬೀಗವಿತ್ತು.

ಆಗ ತಿಮ್ಮವ್ವ ಪಕ್ಕಕ್ಕೆ ಬಂದು ಕುಳಿತು ಒಂದು ಸಸಿ ಎಬ್ಬಿಸಿದಳು. ಅದರ ಬೇರಿಗೆ ಒಣಗಿದ ಹಿಕ್ಕೆಯ ಚೂರು ಅಂಟಿಕೊಂಡಿತ್ತು. ಮೂಸಿ ನೋಡಿ, "ಇದು ಆಡಿಂದಲ್ರಿ ಅವ್ವಾರ, ಕುರೀದು. ನಾವು ಹಾಕಿದ ಗೊಬ್ಬರ ಮ್ಯಾಲದ, ಇದು ಅದರ ಕೆಳಗದ. ಹುಲ್ಲು ಊರೂಕಿಂತ ಮೊದಲ ಇಲ್ಲಿ ಗೊಬ್ಬರಕ್ಕಂತ ಕುರಿ ನಿಲ್ಲಿಸ್ಯಾರ" ಎಂದಳು.

ಹುಲ್ಲು ಊರಿದ್ದು ಮೇ ಕೊನೆಗೆ. ಅದಕ್ಕೂ ಮೊದಲ ವಾರ ಸಾಹುಕಾರರು ನನ್ನನ್ನು ಸುರಪುರದಲ್ಲಿ ರಸ್ತೆ ನಡುವಿನ ಗಿಡ ನೆಡಿಸಲು ಕಳಿಸಿದ್ದರು. ಉದ್ಯಾನದಲ್ಲಿ ಬಣ್ಣ ಬಳಿಯುತ್ತಾರೆ ಎಂದು ತಿಮ್ಮವ್ವ, ಅನ್ವರಬಿ ಇಬ್ಬರಿಗೂ ರಜೆ ಕೊಟ್ಟಿದ್ದರು. ನಾನು ತಿರುಗಿ ಬಂದಾಗ ನೆಲ ಹದವಾಗಿ, ಮೇಲೆ ಕೆಂಪು ಮಣ್ಣು ಹರಡಿತ್ತು. "ಲಾರಿ ಗೊಬ್ಬರ ತರಿಸೀನಿ, ಛಲೋ ಮಾಲು" ಎಂದಿದ್ದರು. ನಾನು ನಂಬಿದೆ.

ಆ ಕುರಿ ನಿಮ್ಮದು. ಹೌದೋ ಅಲ್ಲವೋ?

ನೀವು ಯಾದಗಿರಿಗೆ ಬಂದಿರಿ. ನನ್ನ ಬಾಡಿಗೆ ಮನೆ ಆ ಗೇಟಿನಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿದೆ. ಕುರಿ ನಿಲ್ಲಿಸಿದಿರಿ, ಹೊಡೆದುಕೊಂಡು ಹೋದಿರಿ. ನನ್ನ ಮನೆಯ ಒಂದು ಚರಿಗೆ ನೀರು ಕುಡಿಯಲಿಲ್ಲ. ನಾನು ಆಗ ಸುರಪುರದಲ್ಲಿದ್ದೆ ಎಂದರೂ, ಬಂದಿದ್ದೆ ಎಂದು ಆಮೇಲಾದರೂ ಹೇಳಲಿಲ್ಲ. ಈಗ ಒಬ್ಬ ಬಡವಿಗೆ ಕಳ್ಳಿಯ ಹೆಸರು ಬಂದಿದೆ. ಅದನ್ನು ಓದಿಯೂ ನಿಮಗೆ ಟಗರು ಲಂಗ ತಿಂದ ಕಥೆ ನೆನಪಾಯಿತು.

ನೀವು ಸುಮ್ಮನಿರು ಎಂದದ್ದು ನನ್ನ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ನಿಮ್ಮ ಕೂಳೆಗೆ ಎಂದು ಈಗ ತಿಳಿಯಿತು.

ದೇವಿಕಾ


ಯಾದಗಿರಿ
೫ ಆಗಸ್ಟ್ ೨೦೨೫

ಮಾಮಾ,

ನಿಮ್ಮಿಂದ ಉತ್ತರವಿಲ್ಲ. ಫೋನ್ ಮಾಡಿದರೆ ಅತ್ತಿ ಎತ್ತಿ, "ಗುಡ್ಡಕ್ಕ ಹೋಗ್ಯಾರವ್ವ" ಎಂದರು. ಮಾರನೆಯ ದಿನವೂ ಹಾಗೇ ಹೇಳಿದರು. ಮೂರನೆಯ ಸಲ, "ಎಲ್ಲಿ ಹೋಗ್ಯಾರೋ ನನಗೂ ಹೇಳಿಲ್ಲ" ಎಂದರು. ಅತ್ತಿಗೆ ಸುಳ್ಳು ಹೇಳಿಸಬೇಡಿ. ಅವರಿಗೆ ಅದು ಬರುವುದಿಲ್ಲ.

ಇಲ್ಲಿಯ ಸುದ್ದಿ ಇಷ್ಟು. ಗುಂಡಿ ಮುಚ್ಚಲು ನಗರಸಭೆಯಿಂದ ಸಾಹುಕಾರರು ಒಪ್ಪಿಗೆ ತಂದಿದ್ದಾರೆ. ಹದಿನೈದನೇ ತಾರೀಖು ಉದ್ಯಾನದಲ್ಲಿ ಧ್ವಜ ಏರಿಸಿ, ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಮಣ್ಣು ತಂದು ಸುರಿಯುವುದಂತೆ. ಗುಂಡಿಯೊಳಗೆ ಹಣ್ಣಾದ ಗೊಬ್ಬರವಿದೆ, ಮುಂದಿನ ಸಸಿಗಳಿಗೆಲ್ಲ ಸಾಲುವಷ್ಟು. ಅದರ ಮೇಲೆಯೇ ಕಲ್ಲುಮಣ್ಣು ಬೀಳುತ್ತದೆ.

ಗೋಡೆಯಾಚೆ ದಿನವೂ ಬೆಂಕಿ. ಕರಿ ಚೀಲಗಳನ್ನೂ ಎಲೆಯ ಜೊತೆಗೇ ಸುಡುತ್ತಿದ್ದಾರೆ. ಆ ಕಡೆಯ ಮನೆಗಳವರು ಬಟ್ಟೆ ಒಣಹಾಕುವುದನ್ನು ಬಿಟ್ಟಿದ್ದಾರೆ. ತಿಮ್ಮವ್ವ ಹೇಳಿದಳು: "ನಮ್ಮ ಊರಾಗ ಹಿಂಗ ಹಸಿ ಸೊಪ್ಪು ಸುಟ್ರ ಹುಚ್ಚ ಹಿಡದದ ಅಂತ ಕೈಕಾಲು ಕಟ್ಟತಿದ್ರು. ಇಲ್ಲಿ ಸುಡಾವರಿಗೆ ಪಗಾರ ಕೊಡ್ತಾರ."

ಅನ್ವರಬಿ ಈಗ ಶಾದಿಮಹಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಳೆ. ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ. ನಾನು ಅವಳ ಪರವಾಗಿ ಇಷ್ಟು ಓಡಾಡುತ್ತಿದ್ದರೂ ಯಾಕೆ ಹೀಗೆ ಮಾಡುತ್ತಾಳೋ ತಿಳಿಯದು.

ನಗರಸಭೆಗೆ ಹೋಗಿದ್ದೆ. "ಸಾಕ್ಷಿ ಯಾರಮ್ಮಾ?" ಎಂದರು. ಹೇಳಲಿಲ್ಲ. ಸಾಕ್ಷಿ ನನ್ನ ತಾಯಿಯ ಅಣ್ಣ, ಅವನು ಗುಡ್ಡಕ್ಕೆ ಹೋಗಿದ್ದಾನೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ದೇವಿಕಾ


ಕೆಂಭಾವಿ
೧೦ ಆಗಸ್ಟ್ ೨೦೨೫

ದೇವಿಕಾ,

ಈ ಸಲ ನಾನೂ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಓದುವಾಗ ಕುಳಿತುಕೊ.

ಆ ಕುರಿ ನಮ್ಮವೇ. ಅದರಲ್ಲಿ ಮುಚ್ಚುವುದೇನಿದೆ? ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಕುಲದ ಕೆಲಸ. ಒಕ್ಕಲಿಗ ಬಂದು ವೀಳ್ಯ ಕೊಟ್ಟು ಕರೆಯುತ್ತಾನೆ, ನಾವು ಹೋಗಿ ತಂಗುತ್ತೇವೆ, ಅವನು ಜೋಳ ಅಳೆಯುತ್ತಾನೆ, ಕುರಿಯ ಹಿಕ್ಕೆಯನ್ನು ಹೊಲ ಉಣ್ಣುತ್ತದೆ. ಮೇ ತಿಂಗಳಲ್ಲಿ ನಾವು ಸಾಹುಕಾರರ ಗದ್ದೆಯ ಕೂಳೆಯಲ್ಲಿದ್ದೆವು. ಅವರು ಬಂದು, "ಹಣಮಂತ್ರಾಯ, ಯಾದಗಿರ್ಯಾಗ ಒಂದು ಜಾಗಾ ಅದ, ನೆಲ ಸತ್ತುಹೋಗ್ಯಾದ. ಕುರಿ ಹೊಡಕೊಂಡು ಬಂದು ಎರಡು ರಾತ್ರಿ ನಿಲ್ಲಿಸು. ಮುಂದಿನ ವರ್ಷದ ಕೂಳಿ ನಿನಗ" ಎಂದರು. ಅದು ಯಾವ ಜಾಗ ಎಂದು ಗೇಟಿಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಬಂದ ಮೇಲೆ, ನಮ್ಮ ಹುಡುಗಿ ದುಡಿಯುವ ಜಾಗ, ಚೆನ್ನಾಗಿ ಹುಲ್ಲು ಬರಲಿ ಎಂದು ಖುಷಿಯಾದೆ. ಅಲ್ಲಿಯ ತಂಪು, ಗಾಳಿ ನೋಡಿ ಕುರಿಗಳು ಆ ಸಿಮೆಂಟಿನ ಪ್ರಾಣಿಯ ಕಾಲಡಿಯೇ ಒತ್ತಿ ಮಲಗಿದವು. ನಿನ್ನ ಮನೆಗೆ ಬರುತ್ತೇನೆ ಎಂದಾಗ ಸಾಹುಕಾರರು, "ಹುಡುಗಿ ಸುರಪುರದಾಗ ಅದಾಳ. ಯಾರಿಗೂ ಹೇಳಬ್ಯಾಡ, ಪ್ಯಾಟಿ ಮಂದಿ ಕುರಿ ಅಂದ್ರ ಮೂಗು ಮುಚ್ಚತಾರ" ಎಂದರು. ಅದರಲ್ಲೇನೂ ಮೋಸ ಕಾಣಲಿಲ್ಲ.

ಬೇಸಿಗೆಯಲ್ಲಿ ಕುರಿ ಜಾಲಿಕಾಯಿ ತಿನ್ನದೆ ಮತ್ತೇನು ತಿನ್ನಬೇಕು? ಹೊಲವಾದರೆ ಮಳೆ ಬಿದ್ದ ಮೇಲೆ ಎರಡು ಸಲ ಕುಂಟೆ ಹೊಡೆಯುತ್ತಾರೆ, ಹುಟ್ಟಿದ ಜಾಲಿಯೆಲ್ಲ ಎದ್ದುಹೋಗುತ್ತದೆ. ಹುಲ್ಲುಹಾಸಿಗೆ ಯಾರು ಕುಂಟೆ ಹೊಡೆಯುತ್ತಾರೆ? ಅದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಇಬ್ಬರೂ ಹೊಲದವರೇ. ನಿನ್ನ ಮೊದಲ ಕಾಗದ ಬಂದಾಗ ಹೊಳೆಯಿತು. ಆಗ ನಾನು ಕೂಳೆಯ ಲೆಕ್ಕ ಹಾಕಿದೆ. ನೀನು ಬರೆದದ್ದು ಸರಿ.

ನಿನ್ನ ಎರಡನೆಯ ಕಾಗದ ಓದಿದ ಮೇಲೆ ನಾನು ಗುಡ್ಡಕ್ಕೆ ಹೋಗಲಿಲ್ಲ. ಮೊದಲು ಶಹಾಪುರಕ್ಕೆ ಹೋದೆ. ಸಾಹುಕಾರರು ಭತ್ತ ಮಾರುವ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದರು. "ಧಣ್ಯಾರ, ಆ ಹೆಣ್ಣುಮಗಳ ಹೆಸರು ತಗೀರಿ, ಕುರಿ ನಂದು ಅಂತ ಹೇಳ್ರಿ" ಎಂದೆ. ಅವರು ನಕ್ಕರು. "ಕುರಿ ನಿಂದು ಅಂದ್ರ ಗೊಬ್ಬರದ ಲಾರಿ ಎಲ್ಲಿ ಅಂತ ಕೇಳ್ತಾರ. ನೀ ಯಾಕ ಉರದು ಬೀಳಾಕತ್ತಿ? ಅಕಿ ನಿನಗೇನಾಗಬೇಕು?" ಎಂದರು. ಇಷ್ಟು ವರ್ಷ ಅವರ ಗದ್ದೆಯಲ್ಲಿ ತಂಗಿದ್ದೇನೆ, ದೇವಿಕಾ. ಅವರ ಹಬ್ಬದ ಹೋಳಿಗೆ ಉಂಡಿದ್ದೇನೆ. ಆ ನಗೆ ಕೇಳಿದ ಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಬಿದ್ದೆ. ಲಾರಿ ಗೊಬ್ಬರದ ದುಡ್ಡು ಉಳಿಸಿಕೊಳ್ಳಲು ನಮ್ಮ ಕುರಿಯ ಹಿಕ್ಕೆಯನ್ನೇ ಲಾರಿ ಗೊಬ್ಬರವೆಂದು ನಗರಸಭೆಗೆ ಲೆಕ್ಕ ಕೊಟ್ಟ. ಹೋಗಲಿ. ಅದರಿಂದ ಮುಳ್ಳು ಹುಟ್ಟಿದಾಗ ಒಬ್ಬ ಹೆಣ್ಣುಮಗಳ ಆಡಿನ ಮೇಲೆ ಹಾಕಿದನಲ್ಲ.

ಅಲ್ಲಿಂದ ಯಾದಗಿರಿಗೆ ಬಂದೆ. ನಿನ್ನ ಮನೆಗೆ ಬರಲಿಲ್ಲ. ಅನ್ವರಬಿಯ ಮನೆ ಕೇಳಿಕೊಂಡು ಹೋದೆ. ಬಾಗಿಲಲ್ಲೇ ನಿಂತು ನಾನು ಯಾರೆಂದು ಹೇಳಿದೆ. ಅವಳು ಒಳಗೆ ಕರೆಯಲಿಲ್ಲ. ಆದರೆ ನನಗೆ ಕುಡಿಯಲು ನೀರು ಕೊಟ್ಟಳು. "ಸಾಹುಕಾರ ಕಳ್ಳಿ ಅಂದಾನ, ಅದಕ್ಕ ನನಗ ದುಃಖ ಇಲ್ರಿ ಕಾಕಾ. ಆಂವ ನನ್ನ ಎಷ್ಟು ಸಲ ನೋಡ್ಯಾನ? ಮೂರು ಹೊತ್ತು ನನ್ನ ಬಾಜೂಕ ಕುಂತು ರೊಟ್ಟಿ ತಿಂದಾಕಿ ನಿಮ್ಮ ದೇವಿಕಾ, ನಾಳೆಯಿಂದ ಬರಬ್ಯಾಡ ಅನ್ವರಬಿ ಅಂದಳಲ್ಲ, ಅದು ನೆನಸಿದ್ರ ನಿದ್ದಿ ಬರಲ್ಲ" ಎಂದಳು.

ನೀನು ನನಗೆ ಬರೆದದ್ದು ಬೇರೆ. 'ಅವರು ಹೇಳಿಬಿಟ್ಟರು' ಎಂದು ಬರೆದಿದ್ದೀ. ಅವಳು ಯಾಕೆ ಮುಖ ತಿರುಗಿಸುತ್ತಾಳೋ ತಿಳಿಯದು ಎಂದೂ ಬರೆದಿದ್ದೀ. ನಿನಗೆ ಕೆಲಸದ ಭಯವಿತ್ತು. ನನಗೆ ಕೂಳೆಯ ಭಯವಿತ್ತು. ನನ್ನನ್ನು ಬೈಯಲು ನಿನಗೆ ಎರಡು ಹಾಳೆ ಬೇಕಾದವು, ನಿನ್ನನ್ನು ಬೈಯಲು ನನಗೆ ಮನಸ್ಸಿಲ್ಲ. ಅವಳು ಬೈಯಬೇಕು. ಅವಳೂ ಬೈಯುತ್ತಿಲ್ಲ.

ಹದಿನೈದನೇ ತಾರೀಖು ಬೆಳಿಗ್ಗೆಯ ಮೊದಲ ಬಸ್ಸಿಗೆ ಬರುತ್ತೇನೆ. ಧ್ವಜ ಏರಿದ ಮೇಲೆ ಮೈಕಿನಲ್ಲಿ ಎರಡು ಮಾತು ಹೇಳಬೇಕೆಂದು ಕಾರ್ಯಕ್ರಮ ನಡೆಸುವ ಪಂಪಣ್ಣನವರಿಗೆ ಅವರ ಅಂಗಡಿಗೇ ಹೋಗಿ ಹೇಳಿ ಬಂದಿದ್ದೇನೆ. ಯಾವ ವಿಷಯ ಎಂದರು. ಕುರಿಯ ವಿಷಯ ಎಂದೆ. ಅವರು ಹಾಡು ಇರಬೇಕು ಎಂದುಕೊಂಡು ಒಪ್ಪಿದ್ದಾರೆ. ನಾನು ಹೇಳಿ ಮುಗಿಸಿದ ಮೇಲೆ ನೀನು ಹೇಳು. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅಂದೇ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರಬೇಕು. ಗೊರಸಿನ ಹುಣ್ಣಿಗೆ ಔಷಧಿ ಹಾಕುವುದು ನಿನ್ನ ಅತ್ತಿ ಒಬ್ಬಳಿಂದ ಆಗುವುದಿಲ್ಲ.

ಹಣಮಂತ್ರಾಯ


ಯಾದಗಿರಿ
೧೬ ಆಗಸ್ಟ್ ೨೦೨೫

ಮಾಮಾ, ನಿಮಗೆ ನಮಸ್ಕಾರಗಳು.

ನೀವು ಹೇಳಿ ಮುಗಿಸಿ, ಕಂಬಳಿ ಹೆಗಲಿಗೇರಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಗೇಟು ದಾಟಿದಿರಿ. ಹಿಂದಿನದು ನೀವು ನೋಡಲಿಲ್ಲ. ಅದಕ್ಕೆ ಇಂದೇ ಬರೆಯುತ್ತಿದ್ದೇನೆ.

ಮೊದಮೊದಲು ಜನ ನಗುತ್ತಿದ್ದರು. ಕುರಿಗಳು ಪೇಟೆಗೆ ಬಂದದ್ದು, ಬಸ್ ಸ್ಟ್ಯಾಂಡಿನಲ್ಲಿ ಟಗರು ಬಾಳೆಹಣ್ಣಿನ ಗಾಡಿಗೆ ಬಾಯಿ ಹಾಕಿದ್ದು, ಕಾವಲುಗಾರ ಬೀಗ ತೆಗೆದು "ಟಿಕೀಟು ತಗೊಂಡೀರೇನು?" ಎಂದು ಕುರಿಗಳನ್ನು ಕೇಳಿದ್ದು, ಇದನ್ನೆಲ್ಲ ನೀವು ಹೇಳುತ್ತಿದ್ದಿರಿ. ಪಂಪಣ್ಣನವರು ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ನೀವು ದನಿ ಏರಿಸದೆ, "ಆ ಹಿಕ್ಕಿಯೊಳಗ ಜಾಲಿ ಬೀಜ ಇತ್ತು. ಆ ಕುರಿ ನಂದು. ಕರಸಿದವರು ಅಗಾ ಅಲ್ಲಿ ಕುರ್ಚಿ ಮ್ಯಾಲ ಕುಂತಾರ. ಕಳ್ಳಿ ಅನಿಸಿಕೊಂಡಾಕಿ ಮಾತ್ರ ಇಲ್ಲಿ ಇಲ್ಲ" ಎಂದಿರಲ್ಲ, ಆಗ ಸಾಹುಕಾರರ ಕೈಯಲ್ಲಿದ್ದ ಲಾಡು ಅರ್ಧಕ್ಕೇ ನಿಂತಿತು. ಅವರು ಎದ್ದು, "ಈ ಡಿಸೆಂಬರಕ್ಕ ನಮ್ಮ ಗದ್ದಿ ಕಡಿ ಕಾಲಿಟ್ಟೀಯ" ಎಂದದ್ದು ನಿಮಗೆ ಕೇಳಿಸಿತೋ ಇಲ್ಲವೋ. ನೀವು ಆಗಲೇ ಬೆನ್ನು ತಿರುಗಿಸಿದ್ದಿರಿ.

ಆಮೇಲೆ ನಾನು ಮೈಕಿನ ಮುಂದೆ ಹೋದೆ. ನನ್ನ ಬಾಯಿಂದ ಬಂದದ್ದು ಒಂದೇ ಸಾಲು: "ಬರಬ್ಯಾಡ ಅಂದಾಕಿ ನಾನು." ಆ ಹೊತ್ತಿಗೆ ಮೈಕಿನವನು ವೈರು ಸುತ್ತುತ್ತಿದ್ದ. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ತಿಮ್ಮವ್ವ ಪಕ್ಕಕ್ಕೆ ಬಂದು, "ಸಣ್ಣಗ ಅಂದ್ರಿ. ಅವತ್ತು ಜೋರಾಗಿ ಅಂದಿದ್ರಿ" ಎಂದಳು. ಅವಳ ಮುಖ ನೋಡಲಾಗಲಿಲ್ಲ. ಜನ ಲಾಡು ತಿಂದು ಚದುರಿ ಹೋದರು. ಇಷ್ಟೇ, ಮುಗಿಯಿತು ಎಂದುಕೊಂಡೆ.

ಇಂದು ಬೆಳಿಗ್ಗೆ ಟ್ರ್ಯಾಕ್ಟರ್ ಬರುವ ಮೊದಲೇ ನಾನು ಹೋದೆ. ತಿಮ್ಮವ್ವ ನನಗಿಂತ ಮುಂಚೆ ಬಂದು ಗುಂಡಿಯೊಳಗಿನ ಗೊಬ್ಬರದ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ವಾಕಿಂಗಿನವರು ಎಂದಿನಂತೆ ಬಂದರು, ಆದರೆ ಯಾರೂ ನಡೆಯಲಿಲ್ಲ. ಒಬ್ಬೊಬ್ಬರಾಗಿ ಗುಂಡಿಯ ಸುತ್ತ ಬಂದು ನಿಂತರು. ಟ್ರ್ಯಾಕ್ಟರಿನವನು ಗೇಟಿನಲ್ಲಿ ಹಾರ್ನು ಹೊಡೆದ. ಪಂಪಣ್ಣನವರು ಹೋಗಿ, "ಮಣ್ಣು ಎಲ್ಲಿಂದ ತಂದೀಪಾ, ಅಲ್ಲೇ ಹಾಕು" ಎಂದರು. "ಸಾಹುಕಾರ್ರ ಹುಕುಂ ಅದ್ರಿ" ಎಂದ. "ಹಂಗಾರ ಅವರಿಗೆ ಫೋನ್ ಹಚ್ಚು." ಹಚ್ಚಿದ. ಅವರು ಎತ್ತಲಿಲ್ಲ. ಮತ್ತೆ ಹಚ್ಚಿದ. ಆಮೇಲೆ ಗುಂಡಿಯಲ್ಲಿ ಕುಳಿತ ತಿಮ್ಮವ್ವನನ್ನು ನೋಡಿ, "ಯವ್ವಾ, ನಾ ಮಣ್ಣು ಹಾಕೂ ಧಂದೆದವ, ಮಣ್ಣು ಮಾಡಾವ ಅಲ್ಲ" ಎಂದು ಗೇರು ಹಿಂದಕ್ಕೆ ಹಾಕಿದ.

ಪಂಪಣ್ಣನವರು ನನ್ನ ಕಡೆ ತಿರುಗಿದರು. "ದೇವಿಕಾ, ಅಕಿ ಮನಿ ತೋರಿಸು. ನನ್ನ ಮೊಮ್ಮಗಳ ಕಾಲಿಗೆ ಮುಳ್ಳು ನೆಟ್ಟಾಗ ದೂರು ಕೊಟ್ಟಾಂವ ನಾನು. ಅಕಿಗೆ ಕಳ್ಳಿ ಅಂದಾಗ ಬಾಯಿ ಮು‌ಚ್ಚಿ ನಿಂತಾಂವನೂ ನಾನೇ" ಎಂದರು. ಎಲ್ಲರೂ ಹೊರಟೆವು. ವಾಕಿಂಗ್ ಬೂಟು ಹಾಕಿಕೊಂಡ ಅಷ್ಟೊಂದು ಜನ ಆ ಸಣ್ಣ ಗಲ್ಲಿಗೆ ನುಗ್ಗಿದ್ದನ್ನು ಕಂಡು ಅಲ್ಲಿಯವರು ವೋಟು ಕೇಳಲು ಬಂದಿದ್ದಾರೆ ಎಂದುಕೊಂಡರು.

ಅನ್ವರಬಿ ಹೊರಗೆ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಏಳಲಿಲ್ಲ. ನಾನು ಮುಂದೆ ಹೋಗಿ ನಿಂತು, ಈ ಸಲ ಗಲ್ಲಿಯ ಆ ತುದಿಗೂ ಕೇಳುವಂತೆ ಹೇಳಿದೆ: "ಅನ್ವರಬಿ, ಗೊಬ್ಬರ ನೀ ಕದ್ದಿಲ್ಲ. ಹಿಕ್ಕಿ ನೀ ತಂದಿಲ್ಲ. ನನಗ ಅವತ್ತೇ ಗೊತ್ತಿತ್ತು. ನನ್ನ ಕೆಲಸ ಹೋಗ್ತದಂತ ಅಂಜಿ ಬರಬ್ಯಾಡ ಅಂದೆ." ಅವಳು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ಒದ್ದೆ ಅರಿವೆಯಿಂದ ಒತ್ತಿ, ಅದು ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದಳು.

"ಅವತ್ತು ನನಗ ಕಳ್ಳಿ ಅಂದಾಗ ಎಷ್ಟು ಮಂದಿ ನಿಂತಿದ್ರಿ?" ಎಂದು ಪಂಪಣ್ಣನವರನ್ನು ಕೇಳಿದಳು. "ಇವತ್ತು ಅರ್ಧಾ ಮಂದಿ ಬಂದೀರಿ. ಉಳದ ಅರ್ಧಾ ಮಂದಿಗೆ ನಾನು ಇನ್ನೂ ಕಳ್ಳೀನೇ ಅಲ್ಲೇನ್ರಿ ಸಾಹೇಬ?"

ಪಂಪಣ್ಣನವರು ಉಳಿದವರನ್ನು ಕರೆತರಲು ಬಂದವರನ್ನೆಲ್ಲ ಓಣಿ ಓಣಿಗೆ ಕಳಿಸಿದರು. ನಾನು ಅನ್ವರಬಿಯ ಎದುರಿಗೆ ನೆಲದ ಮೇಲೆ ಕುಳಿತೆ. ಅವಳು ನನಗೆ ರೊಟ್ಟಿ ಕೊಡಲಿಲ್ಲ, ಏಳು ಎಂದೂ ಅನ್ನಲಿಲ್ಲ. ತಾಸೊಂದು ಕಳೆಯುವುದರೊಳಗೆ ಜನ ಬರತೊಡಗಿದರು. ಒಬ್ಬರನ್ನು ಪೂಜೆಯಿಂದ ಎಬ್ಬಿಸಿ ತಂದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಇನ್ನೊಬ್ಬರನ್ನು ಕಟಿಂಗ್ ಅಂಗಡಿಯಿಂದ ಎಳೆದುಕೊಂಡು ಬಂದಿದ್ದರು, ಒಂದು ಗಲ್ಲದ ಮೇಲೆ ನೊರೆಯಿತ್ತು. ಬಂದವರೆಲ್ಲ ಅವಳ ಅಂಗಳದಲ್ಲಿ ನಿಂತು, ತಪ್ಪಾಯಿತು ಎಂದರು. ಕೆಲವರು ಕೈ ಮುಗಿದು ಎಂದರು, ಕೆಲವರು ಗೋಡೆ ನೋಡಿಕೊಂಡು ಎಂದರು. ನೊರೆಯವರು ಹೋಗಲು ಅವಸರ ಮಾಡಿದಾಗ, "ನಿಲ್ರಿ, ನನಗ ತಿಂಗಳಿಗಿಂತ ಹೆಚ್ಚು ನಿಲ್ಲಿಸೀರಿ" ಎಂದಳು ಅನ್ವರಬಿ.

ಪಂಪಣ್ಣನವರು ಬೆವರು ಒರೆಸಿಕೊಂಡು, "ಎಲ್ಲಾರೂ ಬಂದಾರ ನೋಡವ್ವ. ಇನ್ನ ಏಳು, ಕೆಲಸಕ್ಕ ಬಾ. ಗುಂಡಿ ಹಂಗೇ ಅದ. ಜಾಲಿ ಕೀಳೂದು ನಮ್ಮ ಹೊಣೆ" ಎಂದರು.

ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನನ್ನ ಮುಖದವರೆಗೂ ಬಂದಳು. ಆಮೇಲೆ ರೊಟ್ಟಿಯ ಬುಟ್ಟಿಗೆ ಅರಿವೆ ಮುಚ್ಚುತ್ತ, "ಒಬ್ಬಾಂವ ಇನ್ನೂ ಬಂದಿಲ್ಲ" ಎಂದಳು.

"ಯಾರು?"

"ಮೊದಲು ಅಂದಾಂವ."

ಇದು ಆಗದ ಮಾತು, ಜನ ಇನ್ನು ಮನೆಗೆ ಹೋಗುತ್ತಾರೆ ಎಂದುಕೊಂಡೆ. ಪಂಪಣ್ಣನವರು ಬೂಟಿನ ದಾರ ಬಿಗಿದು ಕಟ್ಟಿಕೊಂಡರು. "ಶಹಾಪುರ ಬಸ್ಸು ಎಷ್ಟೊತ್ತಿಗೆ ಅದ?" ಎಂದು ಕೇಳಿದರು. ಗಲ್ಲಿಯವರು ಯಾರೋ, "ಈಗ ಒಂದು ಬಿಡ್ತದ್ರಿ, ಓಡಿದ್ರ ಸಿಗ್ತದ" ಎಂದರು.

ಮಾಮಾ, ಎಲ್ಲರೂ ಹೋದರು. ನೊರೆಯವರು ಮುಖವನ್ನು ತೋಳಿಗೆ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ಓಡಿದರು. ನಾನೂ ಎದ್ದೆ. ಆಗ ಅನ್ವರಬಿ ನನ್ನ ಸೀರೆಯ ಸೆರಗು ಹಿಡಿದು ನಿಲ್ಲಿಸಿ, ಎರಡು ರೊಟ್ಟಿಯ ನಡುವೆ ಶೇಂಗಾ ಹಿಂಡಿ ಇಟ್ಟು ಕೈಗೆ ಕೊಟ್ಟಳು. "ಹಸದ ಹೊಟ್ಟ್ಯಾಗ ಜಗಳ ಆಡಬ್ಯಾಡ. ಗಟ್ಟಿಯಾಗಿ ಮಾತಾಡು" ಎಂದಳು.

ಈ ಕಾಗದವನ್ನು ಶಹಾಪುರ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಕುಣಿದಿದ್ದರೆ ಅದು ರಸ್ತೆಯ ತಪ್ಪು. ಸೀಟು ಸಾಲದೆ ಅರ್ಧ ಜನ ನಿಂತಿದ್ದಾರೆ, ಸಾಹುಕಾರರ ಅಡತಿ ಅಂಗಡಿ ಎಲ್ಲಿ ಬರುತ್ತದೆ ಎಂದು ಕಂಡಕ್ಟರನ್ನು ಪಂಪಣ್ಣನವರು ಕೇಳುತ್ತಿದ್ದಾರೆ.

ನಿಮ್ಮ
ದೇವಿಕಾ